ಏಳು ಮಿಲಿಮೀಟರ್

ಜೆಲ್ ತಣ್ಣಗಿರುತ್ತೆ, ಕ್ಷಮಿಸಿ ಅಂದೆ.
ಪೈ ಕಾರ್ಖಾನೆಯ ಶೀತಲ ಕೋಣೆಯಲ್ಲಿ
ಮೂವತ್ತು ವರ್ಷ ರಾತ್ರಿಪಾಳಿ ಮಾಡಿದವಳು ಬ್ರೆಂಡಾ ಕ್ಲೆಗ್.
ಇದ್ಯಾವ ಥಂಡಿ ಬಿಡು ಎನ್ನುವ ಹಾಗೆ ನಕ್ಕು
ಎಡಕ್ಕೆ ಹೊರಳಿದಳು. ಮಂಚ ಕಿರ್ರೆಂದಿತು.
ಕಿಟಕಿಯಾಚೆ ಬರ್ನ್ಲಿಯ ಮಂಜು;
ನಿಂತುಹೋದ ಗಿರಣಿಯ ಚಿಮಣಿಯೊಂದು
ಪಾಳಿ ಮುಗಿದದ್ದು ಗೊತ್ತಿಲ್ಲದೆ ನಿಂತಿತ್ತು.

ದೀಪ ಆರಿಸಿದೆ.
ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬು ಊರಿದೆ.
ಪರದೆಯ ಮೇಲೆ ಬೂದು ಕವಾಟ
ಗಾಳಿಗೆ ಸಿಕ್ಕ ಕದದಂತೆ ಬಡಿದುಕೊಳ್ಳುತ್ತಿತ್ತು.
ಬಲಕೋಣೆಯ ಮುಂದೊಂದು ಕಪ್ಪು ಪಟ್ಟಿ.
ನೀರಲ್ಲ. ನೀರಾದರೆ ಹೀಗೆ ಚುಕ್ಕೆ ಚುಕ್ಕೆ ಇರುವುದಿಲ್ಲ.
ಕೊಬ್ಬು.

ಗಂಗಾವತಿಯಲ್ಲಿ ಸೋದರತ್ತೆ ಶಾಂಭವಿ
ನಾನು ಎದುರು ಮಾತಾಡಿದಾಗೆಲ್ಲ
"ಕೊಬ್ಬು ಭಾಳ ಆಗೇತಿ ನಿನಗ, ಇಳಸ್ತೀನಿ ತಡಿ" ಎಂದು
ಲಟ್ಟಣಿಗೆ ತೋರಿಸುತ್ತಿದ್ದಳು.
ಬ್ರೆಂಡಾಗೆ ಆ ಕೊಬ್ಬು ಎಂದೂ ಇರಲಿಲ್ಲ.
ಮಗಳು ಮಾತಿನ ಮಧ್ಯೆ ಫೋನಿಟ್ಟದ್ದು,
ತಂಗಿ ಅಮ್ಮನ ಉಂಗುರವನ್ನು ಹೇಳದೆ ಮಾರಿದ್ದು,
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವಳು.
ಹೊಟ್ಟೆಗೆ ಹಾಕಿಕೋ ತಾಯೀ ಎಂದು ಬೇಡುತ್ತೇವಲ್ಲ ನಾವು,
ಹಾಕಿಕೊಂಡದ್ದು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ.

ಹೀಗೆಲ್ಲ ಹೇಳಿದರೆ ಡಾಕ್ಟರು ಒಪ್ಪಲಾರರು.
ಅವರ ಕತೆ ಬೇರೆ:

ಮುಟ್ಟು ನಿಲ್ಲುವವರೆಗೂ ಈಸ್ಟ್ರೋಜನ್ ಎಂಬ ಯಜಮಾನಿ
ಬಂದ ಕೊಬ್ಬನ್ನು ತೊಡೆಯ ಜಗುಲಿಯಲ್ಲೇ ಕೂರಿಸಿ
ಒಳಮನೆಗೆ ಕಾಲಿಡಬೇಡ ಎಂದು ಗದರಿಸುತ್ತಿದ್ದಳು.
ಒಂದು ದಿನ ಬೀಗದಕೈ ಗೂಟಕ್ಕೆ ಸಿಕ್ಕಿಸಿ ಹೊರಟುಹೋದಳು.
ರಾತ್ರಿಪಾಳಿಯ ಕಾರ್ಟಿಸಾಲ್ ಅದನ್ನು ಎತ್ತಿಕೊಂಡಿತು.
ಇನ್ಸುಲಿನ್ ಸಕ್ಕರೆ ಹೊತ್ತು ಓಣಿ ಓಣಿ ಅಲೆಯಿತು.
ಎಲ್ಲ ಮನೆಗಳಲ್ಲೂ ದೀಪವಿತ್ತು,
ಯಾರೂ ಬಾಗಿಲು ತೆರೆಯಲಿಲ್ಲ.

ಹೃದಯಕ್ಕೂ ಈ ಕೊಬ್ಬಿಗೂ ನಡುವೆ ಗೋಡೆಯಿಲ್ಲ.
ಇಬ್ಬರಿಗೂ ಒಂದೇ ನಲ್ಲಿಯ ರಕ್ತ.
ತೆಳುವಾಗಿದ್ದಾಗ ಒಳ್ಳೆಯ ನೆರೆಯವಳೇ ಇದು,
ಹಸಿದಾಗ ಒಂದು ಬಟ್ಟಲು ನೀಡಿ, ಚಳಿಗೆ ಕಂಬಳಿ ಹೊದಿಸಿ.
ಊದಿಕೊಂಡ ಮೇಲೆ ಅದೇ ಬಾಯಿ ಬೇರೆ ಮಾತು ಕಲಿಯುತ್ತದೆ;
ದಿನವೂ ಅಷ್ಟಷ್ಟು ಕಿಚ್ಚು,
ಹೊಗೆ ಕೂಡ ಕಾಣದಷ್ಟು.

ಮುಷ್ಟಿ ಪೂರ್ತಿ ಬಿಗಿದ ಗಳಿಗೆಯಲ್ಲಿ
ಚಿತ್ರ ನಿಲ್ಲಿಸಿ ಅಳೆದೆ.
ಏಳು ಮಿಲಿಮೀಟರ್.
ಕವಾಟಕ್ಕೆ ಕಾಲಮ್ಮಿದೆ, ಕೋಣೆಗಿದೆ, ರಕ್ತದ ವೇಗಕ್ಕಿದೆ,
ಇದಕ್ಕೆ ಫಾರ್ಮಿನಲ್ಲಿ ಕಾಲಮ್ಮಿಲ್ಲ.

"ಏನಮ್ಮಾ ಕಾಣಿಸ್ತಿದೆ ಅಲ್ಲಿ?"
ಹೇಳುವ ಅಧಿಕಾರ ನನಗಿಲ್ಲ. ಹೃದಯ, ಅಂದೆ.
"ಇದೆ ತಾನೆ? ಬರೆದುಕೊಡು.
ಇಲ್ಲ ಅಂದವರಿಗೆಲ್ಲ ತೋರಿಸಬೇಕು."

ಹೋದ ವಾರ ನನ್ನ ಹಸಿರು ರವಿಕೆಯ ಹುಕ್ಕು ಕೂಡಲಿಲ್ಲ.
ದರ್ಜಿ ಮಾಬುಸಾಬ ಹೊಲಿದದ್ದು.
ಒಳಗ ಎರಡು ಬೆರಳು ಬಟ್ಟಿ ಬಿಟ್ಟೀನವ್ವ,
ಬೇಕಾದಾಗ ಬಿಚ್ಚಿಕೋ ಅಂದಿದ್ದ.
ಐವತ್ತೊಂದರ ಬೆವರಿನಲ್ಲಿ, ಜನವರಿಯ ಕಿಟಕಿ ತೆರೆದಿಟ್ಟು
ಬ್ಲೇಡಿನಿಂದ ಒಂದೊಂದೇ ದಾರ ಕಡಿಯುತ್ತಾ ಕೂತಿದ್ದೆ.
ಎದೆಯನ್ನು ಹೊಲಿದವನು
ಒಳಗೆ ಬಟ್ಟೆ ಬಿಟ್ಟಂತಿಲ್ಲ.

ದೀಪ ಹಾಕಿ ಟವೆಲು ಕೊಟ್ಟೆ.
'ಇತರೆ' ಎಂಬ ಪುಟ್ಟ ಚೌಕದಲ್ಲಿ
ಏಳು ಎಂದು ಟೈಪಿಸಿದೆ. ಓದುತ್ತಾರೋ ಬಿಡುತ್ತಾರೋ.
ಅವಳು ಕೋಟಿನ ಗುಂಡಿ ಹಾಕುತ್ತಾ
ಮೇಲಿನದೊಂದು ಬಿಟ್ಟಳು. ಬಸ್ಸು ಎಷ್ಟಕ್ಕೆ ಎಂದಳು.
ಇನ್ನೂ ಇಪ್ಪತ್ತು ನಿಮಿಷ.
"ಹಾಗಾದರೆ ಕಾಲುವೆ ಪಕ್ಕ ನಡೆದೇ ಹೋಗ್ತೀನಿ.
ಬಾತುಗಳಿಗೆ ಬ್ರೆಡ್ಡು ತಂದಿದ್ದೆ."

ಮುಂದಿನವರ ಹೆಸರು ಕೂಗುವ ಮುಂಚೆ
ಜೆಲ್ ಬಾಟಲಿಯನ್ನು
ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿದೆ.