ಯಾವ ಮಗ್ಗುಲು ಮೇಲೆ

ಹನ್ನೊಂದು ಪೆಟ್ಟಿಗೆ ಬಂದಿವೆ ನಗರದ ದಫ್ತರಖಾನೆಗೆ.
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳು,
ಒಂದರ ಮೇಲೆ ಈಗಲೂ ಇಕ್ವೆಡಾರಿನ ಮೊಹರು.
ಎಗ್ಬರ್ಟ್ ಫೀಬಿಗ್, ಸ್ವರಸಂಯೋಜಕರು.
ಎಗ್ಬರ್ಟ್ ಫೀಬಿಗ್, ರಂಗಮಂದಿರದ ನಿರ್ದೇಶಕರು.
ಎರಡು ಕಡತ ತೆರೆಯಿರಿ, ಅಂದರು ಮೇಲಧಿಕಾರಿ.
ತೆರೆದೆ. ಒಂದು ಹಾಳೆ ಎತ್ತಿಕೊಂಡೆ.
ಆಮೇಲೆ ಅದನ್ನು ತಿರುವಿದೆ.

ಈ ಮಗ್ಗುಲಲ್ಲಿ: ಕಂದು ಕಲ್ಲಿದ್ದಲು, ನಲವತ್ತು ಟನ್ನು,
ಫೆಬ್ರವರಿ ದಾಟುವುದಿಲ್ಲ, ಇನ್ನೂ ಹನ್ನೆರಡು ಬೇಕು, ಸಹಿ.
ಆ ಮಗ್ಗುಲಲ್ಲಿ: ಐದೈದು ಗೆರೆ, ಕೈಯಲ್ಲೇ ಎಳೆದದ್ದು,
ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ;
ಮೂಲೆಯಲ್ಲಿ ಪೆನ್ಸಿಲ್ಲು:
‘ನಿಧಾನ. ಆದರೆ ಅಳಬೇಡಿ.’

ಕಾಗದಕ್ಕೆ ಬರವಿತ್ತು ಆಗ, ನಿಜ.
ಬರ ಹಿಂಗಿದ ಮೇಲೂ ಹೀಗೇ ಬರೆದ.
ಮೂರನೆಯ ಪೆಟ್ಟಿಗೆಯ ಹೊತ್ತಿಗೆ
ನನ್ನ ಬಾಯಿಂದ ಬಹುವಚನ ಉದುರಿಹೋಗಿತ್ತು.
ಒಬ್ಬನ ಕೂಡುವ ಲೆಕ್ಕದ ತಪ್ಪುಗಳನ್ನು
ಇಷ್ಟು ಹತ್ತಿರದಿಂದ ಕಂಡ ಮೇಲೆ
ಇನ್ನೆಲ್ಲಿಯ ‘ಅವರು’.

ಏನೆಲ್ಲ ಬರೆದಿದ್ದಾನೆ ಪುಣ್ಯಾತ್ಮ!
ಗೊಂಬೆಯಾಟಕ್ಕೆ: ನರಿಗೆ ಬಸೂನು, ಕೋಳಿಗಳಿಗೆ ಸೈಲೊಫೋನು.
ರೇಡಿಯೋದಲ್ಲಿ ಹವಾಮಾನಕ್ಕೆ ಮುಂಚಿನ ಒಂಬತ್ತು ಸೆಕೆಂಡು.
ಹಾಲು ಕರೆಯುವ ಯಂತ್ರದ ಸಾಕ್ಷ್ಯಚಿತ್ರ.
ಉಪ್ಪಿನ ಗಣಿಯವರ ಒಪೆರಾ, ಮೂರು ಅಂಕ,
ಎರಡೇ ಪ್ರದರ್ಶನ; ಎರಡನೆಯದರಲ್ಲಿ ಕರೆಂಟು ಹೋಗಿತ್ತು.
ಸರ್ಕಸ್ಸಿನ ಕರಡಿ ಸತ್ತಾಗ ಒಂದು ನಡಿಗೆ,
ಕರಡಿಯ ನಡಿಗೆಯದೇ ತಾಳದಲ್ಲಿ.

ಎಪ್ಪತ್ತೊಂದರಲ್ಲಿ ಕುರ್ಚಿ ಕೊಟ್ಟರು,
‘ಬೇರೆಯವರು ಸಿಗುವ ತನಕ’ ಎಂದು.
ಇಪ್ಪತ್ಮೂರು ವರ್ಷ ಯಾರೂ ಸಿಗಲಿಲ್ಲ.
ತಲೆಗೆ ಕೊಂಬು ಬರಲಿಲ್ಲ, ಅನ್ನುತ್ತಾಳೆ ಬಟ್ಟೆ ಹೊಲಿಯುವ ವಾಲ್ಟ್ರೌಟ್,
ಬೂಟೂ ಹೊಸದು ಬರಲಿಲ್ಲ.
ಮಾಡು ಸೋರಿದಾಗ ಬಕೆಟ್ಟಿಟ್ಟು
ಒಂದೊಂದರ ಹನಿಯ ಶ್ರುತಿ ಗುರುತಿಸಿದ:
‘ಮೂರನೆಯದು ಎಫ್ ಶಾರ್ಪ್, ತುಸು ಇಳಿದಿದೆ.’
ಅದರ ಕೆಳಗೇ, ಅದೇ ಶಾಯಿಯಲ್ಲಿ,
ತಗಡಿಗೆ ಅರ್ಜಿ. ಆರನೆಯದು.

ಆಮೇಲೆ ದೇಶ ಬದಲಾಯಿತು, ದುಡ್ಡು ಬದಲಾಯಿತು,
ಕಲ್ಲಿದ್ದಲಿನ ವಾಸನೆ ಹೋಯಿತು ಊರಿನಿಂದ.
ವಾದ್ಯವೃಂದ ಅರವತ್ತೆಂಟು ಜನ; ನಲವತ್ತೊಂದು ಸಾಕು,
ಎಂದಿತು ನಗರಸಭೆ, ಕಡ್ಡಿ ಮುರಿದಂತೆ.
ಇಪ್ಪತ್ತೇಳು ಪತ್ರ. ಬೆರಳಚ್ಚಿನ ಹುಡುಗಿಗೆ ಕೊಡದೆ
ತಾನೇ ಕುಟ್ಟಿದ, ಎರಡೇ ಬೆರಳಲ್ಲಿ.
ಎಲ್ಲವೂ ಒಂದೇ ಒಕ್ಕಣೆ, ಹೆಸರಷ್ಟೇ ಬೇರೆ.
ಇಪ್ಪತ್ತಾರರ ಬೆನ್ನು ಖಾಲಿ.

ಒಂದರ ಬೆನ್ನ ಮೇಲೆ ಮಾತ್ರ ಹದಿನಾಲ್ಕು ಆವರ್ತ.
ಪತ್ರ: ಲೋಥರ್ ಹೆಂಪೆಲ್, ಎರಡನೆಯ ಕೊಂಬು.
ಇಬ್ಬರೂ ಒಂದೇ ಬೀದಿಯವರಂತೆ,
ಒಂದೇ ಸೈಕಲ್ಲಿನಲ್ಲಿ ಶಾಲೆಗೆ.
ಹದಿನೈದನೆಯ ಆವರ್ತಕ್ಕೆ ಗೆರೆ ಇದೆ,
ಸ್ವರವಿಲ್ಲ, ವಿರಾಮದ ಗುರುತೂ ಇಲ್ಲ.

ಫೋನು ಮಾಡಿದೆ. ಎಂಬತ್ತೊಂದು ವರ್ಷದ ದನಿ,
ಹಿಂದೆ ಪಾರಿವಾಳಗಳ ಗುಟುರು.
ಹೀಗೀಗೆ, ಒಂದು ಹಾಳೆ ಇದೆ, ಪ್ರತಿ ಕಳಿಸಲೇ ಎಂದೆ.
ಎಷ್ಟೋ ಹೊತ್ತು ಪಾರಿವಾಳಗಳೇ ಮಾತಾಡಿದವು.
‘ಮುಂದಿನ ಮಗ್ಗುಲು ನನ್ನ ಹತ್ತಿರ ಇದೆ,’ ಅಂದ.
‘ಹಿಂದಿನದು ಸಾಕು.’

ಕಾರ್ಬನ್ ಪ್ರತಿಯ ಕಾಗದ, ಈರುಳ್ಳಿ ಸಿಪ್ಪೆಯಷ್ಟು ತೆಳು.
ಏಳನೆಯ ಆವರ್ತದ ಕೆಳಗೆ
‘ವಿಷಾದಿಸುತ್ತೇವೆ’ ತಲೆಮರೆಸಿಕೊಂಡು ಉಲ್ಟಾ ಕಾಣುತ್ತದೆ.
ಯಂತ್ರದಲ್ಲಿ ತಿಳಿಮಾಡಿ ನೋಡಿದೆ.
ವಿಷಾದ ಮಾಸಿತು, ಜೊತೆಗೆ ಸ್ವರಗಳೂ.
ಇದ್ದದ್ದನ್ನು ಇದ್ದಹಾಗೇ ಕಳಿಸಿದೆ.

ಮೂರು ವಾರಕ್ಕೆ ಒಂದು ಕಾರ್ಡು:
‘ಬಾಯಲ್ಲಿ ಹಲ್ಲಿಲ್ಲ, ಊದಲಾಗದು. ಓದಿದೆ.
ಇಷ್ಟು ಮೇಲಿನ ಸ್ವರ ಎರಡನೆಯ ಕೊಂಬಿಗೆ ಯಾರೂ ಬರೆಯುವುದಿಲ್ಲ.
ಇದು ಮೊದಲನೆಯದರ ಸಾಲು.
ಎಗ್ಬರ್ಟನಿಗೆ ಅದು ಚೆನ್ನಾಗಿ ಗೊತ್ತಿತ್ತು.’
ಅಷ್ಟೇ. ಸಹಿಯೂ ಇಲ್ಲ.

ಆ ಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ನಮ್ಮ ರಂಗಮಂದಿರ,
ಬಣ್ಣ ಹೋದ ಚಿತ್ರ,
ಸೋರುತ್ತಿದ್ದ ಕಾಲದ ಮಾಡು.
ಯಾವ ಕಡತಕ್ಕೆ ಎಂದು ಮೇಲಧಿಕಾರಿ ಕೇಳುತ್ತಲೇ ಇದ್ದಾರೆ.
ಸದ್ಯಕ್ಕೆ ನನ್ನ ಮೇಜಿನ ಮೇಲಿದೆ;
ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ.