ಟ್ಯೂಬು ಹೇಳುವುದು

ಟ್ಯೂಬನ್ನು ನೀರಿಗೆ ಅದ್ದಿದರೆ ಸಾಕು,
ಯಾರು ಯಾವ ದಾರಿಯಲ್ಲಿ ಬಂದರೆಂದು ಗೊತ್ತಾಗುತ್ತದೆ.
ತಂತಿಯ ಚೂರು ಚುಚ್ಚಿದ್ದರೆ ಹೈವೇ:
ಲಾರಿಯ ಟಯರು ಸಿಡಿದಲ್ಲೆಲ್ಲ ಉಕ್ಕಿನ ಕೂದಲು ಉದುರಿರುತ್ತದೆ.
ಚಿಪ್ಪಿಯ ಚೂರಾದರೆ ಕಡಲ ಬದಿಯ ಓಣಿ.
ಮುಳ್ಳಾದರೆ ಗದ್ದೆಯ ಹಿಂದಿನ ಒಳದಾರಿ,
ಬೇಲಿ ಸವರಿದವರು ಗುಡಿಸದೆ ಬಿಟ್ಟದ್ದು.
ಇಪ್ಪತ್ತಾರು ವರ್ಷ ಚಿತ್ತಾಕುಲದ ಈ ತಗಡಿನ ಕೆಳಗೆ
ಇದನ್ನೇ ಓದಿದ್ದೇನೆ. ಪೇಪರು ಓದುವುದು ಕಡಿಮೆ.

ಇನಾಸ ಪಾವು ಮಾರುತ್ತಿದ್ದ. ಈಗಲೂ ಮಾರುತ್ತಾನೆ.
ಹಿಂದೆ ಬಿದಿರ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ಕು,
ಹ್ಯಾಂಡಲಿಗೆ ಪೊಂಯ್ ಪೊಂಯ್ ಹಾರ್ನು.
ಒಂದು ವಾರದಲ್ಲಿ ಮೂರು ಪಂಚರು, ಮೂರೂ ಮುಳ್ಳು.
"ದಿಗಂಬರಾ, ಬೇರೆ ದಾರಿ ಇಲ್ಲವಾ ಮಾರಾಯ?" ಎಂದ.
ಆಗಷ್ಟೇ ಹೊಸ ಡಾಂಬರು ಬಿದ್ದಿತ್ತು.
ನಾನೇ ಹೇಳಿದೆ: "ಹೈವೇ ಹಿಡಿ. ನುಣ್ಣಗಿದೆ.
ಟಯರು ಬಾಳಿಕೆ ಬರ್ತದೆ."

ಟಯರು, ಅಂದೆ.

ಮೀನಿನ ಲಾರಿ ಗೋವೆಯ ಕಡೆ ಹೋಗುವಾಗ
ಕೆಳಗಿನ ನಳಿಗೆಯಿಂದ ನೀರು ಸುರಿಸಿಕೊಂಡೇ ಹೋಗುತ್ತದೆ.
ಬಿಳಿಗೆರೆಯ ಆಚೆ ಸೈಕಲಿನವನಿಗೆ ಬಿಟ್ಟದ್ದು ಒಂದೂವರೆ ಅಡಿ,
ಅದೇ ಒಂದೂವರೆ ಅಡಿಯಲ್ಲಿ ಉಪ್ಪು, ಎಣ್ಣೆ, ಬಂಗುಡೆಯ ಲೋಳೆ.
ಬೆಳಗಿನ ಐದೂ ಮುಕ್ಕಾಲು. ಹಿಂದಿನಿಂದ ಬೆಳಕು ಬಂತಂತೆ.
ಇವನು ಬದಿಗೆ ಸರಿದನಂತೆ. ಅಷ್ಟೇ.
ಪಾವುಗಳು ಡಿವೈಡರಿನ ತನಕ ಉರುಳಿಹೋಗಿ
ಜನ ಸೇರುವ ಹೊತ್ತಿಗೂ ಬಿಸಿಯಾಗಿಯೇ ಇದ್ದವಂತೆ.
ಸೊಂಟಕ್ಕೆ ಮಣಿಪಾಲದಲ್ಲಿ ರಾಡು ಹಾಕಿದರು.
ಎಂಟಾದ ರಿಮ್ಮು ನನ್ನ ಗೋಡೆಯ ಮೊಳೆಗೆ ತೂಗುತ್ತಿದೆ.
ಸರಿ ಮಾಡಬಹುದು.
ಮಾಡಿಲ್ಲ.

ಈಗ ಅವನು ಒಳದಾರಿಯವನು. ಅರ್ಧ ತಾಸು ತಡ.
ಮಾಜಾಳಿಯ ರಿಟಾಯರ್ಡ್ ಮಾಸ್ತರರೊಬ್ಬರು ಮಾತ್ರ
ಚಹಾ ಆರಿಹೋಯಿತೆಂದು ದಿನಾ ಗೊಣಗುತ್ತಾರೆ,
ಗೊಣಗಿಕೊಂಡೇ ಎರಡು ಪಾವು ಹೆಚ್ಚು ತೆಗೆದುಕೊಳ್ಳುತ್ತಾರೆ.

ನಿನ್ನೆ ಗಾಂವ್ಕರರ ನಿಶಿತಾ ಬಂದಳು, ಹತ್ತನೇ ಕ್ಲಾಸು,
ಬ್ರೇಕಿಗೆ ಹೊಸ ರಬ್ಬರು ಬೇಕಂತೆ.
"ಹೈವೇ ಒಂಬತ್ತು ನಿಮಿಷ, ಒಳಗಿಂದ ಇಪ್ಪತ್ತು.
ಸ್ಪೆಷಲ್ ಕ್ಲಾಸು ಏಳಕ್ಕೆ. ನೀವೇ ಲೆಕ್ಕ ಹಾಕಿ, ಮಾಮಾ."
ಹಾಕಿದೆ. ಹನ್ನೊಂದು.
ಹನ್ನೊಂದು ನಿಮಿಷದಲ್ಲಿ ನಾನೊಂದು ಪಂಚರು ಹಾಕುತ್ತೇನೆ.
ಇನಾಸ ಹನ್ನೊಂದು ತಿಂಗಳು ಮಂಚದಲ್ಲಿದ್ದ.

ಕ್ಯಾಲೆಂಡರಿನ ಹಿಂಬದಿಗೆ ಗೀಚಿ ಕೊಟ್ಟೆ:
ಇಲ್ಲಿ ಮೋರಿ, ಕಟ್ಟೆಯಿಲ್ಲ, ಇಳಿದು ನಡೆ.
ಶಿಲುಬೆಯ ತಿರುವಿನಲ್ಲಿ ಚಿರೆಕಲ್ಲಿನ ಗೋಡೆ,
ಆಚೆಯದು ಕಾಣುವುದಿಲ್ಲ, ಬೆಲ್ಲು ಹೊಡಿ.
ಪಾವಸ್ಕರರ ನಾಯಿ ಬರೀ ಬೊಗಳುತ್ತದೆ,
ಪಕ್ಕದ ಮನೆಯ ಬಿಳಿಯದು ಬೊಗಳುವುದೇ ಇಲ್ಲ, ಅದನ್ನು ನೋಡಿಕೋ.
ಮಳೆಗಾಲದಲ್ಲಿ ಅಂಚಿಗೆ ಪಾಚಿ, ನಡುವೆ ಹೋಗು.
ತೆಂಗಿನ ಮಡಲು ಯಾವಾಗ ಬೀಳುತ್ತದೆಂದು
ಬರೆಯಲು ನನಗೆ ಬರುವುದಿಲ್ಲ.

"ಇಷ್ಟೆಲ್ಲ ಇರೋ ದಾರಿಯೇ ಸೇಫಾ?" ನಕ್ಕಳು.
ಹೌದು ಮಗಾ. ಇಲ್ಲಿರುವುದಕ್ಕೆಲ್ಲ ಹೆಸರಿದೆ, ಜಾಗವಿದೆ,
ನಾಳೆಯೂ ಅದೇ ಜಾಗದಲ್ಲಿರುತ್ತದೆ.
ಬಿದ್ದರೆ ಮೊಣಕಾಲು ತರಚೀತು,
ಯಾರದೋ ಅಂಗಳದಿಂದ ಯಾರೋ ಚೊಂಬು ಹಿಡಿದು ಓಡಿಬರುತ್ತಾರೆ.
ಅಲ್ಲಿ ಬರುವುದಕ್ಕೆ ಬರೀ ನಂಬರು,
ಅದನ್ನು ಓದುವಷ್ಟೂ ಹೊತ್ತು ಸಿಗುವುದಿಲ್ಲ.
ಹೀಗೆಲ್ಲ ಹೇಳಬೇಕೆಂದಿದ್ದೆ.
ಬಾಯಿಗೆ ಬಂದದ್ದು, "ಬೆಲ್ಲು ಹೊಡೀಲಿಕ್ಕೆ ಮರೀಬೇಡ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಂಪಾಸಿನಲ್ಲಿಟ್ಟಳು.
ಯಾವ ಕಡೆ ತಿರುಗಿದಳೋ, ನಾನು ತಲೆ ಎತ್ತಲಿಲ್ಲ.

ಇವತ್ತು ಸಂಜೆ ಸೈಕಲ್ಲು ತಳ್ಳಿಕೊಂಡು ಬಂದಳು, ಮುಖ ಊದಿಸಿಕೊಂಡು.
ತಡವಾಯಿತೆಂದು ಕ್ಲಾಸಿನ ಹೊರಗೆ ನಿಲ್ಲಿಸಿದರಂತೆ.
ಟ್ಯೂಬು ಬಿಚ್ಚಿ ನೀರಿಗೆ ಅದ್ದಿದೆ. ಗುಳ್ಳೆ.
ಟಯರಿನ ಒಳಗೆ ಬೆರಳಾಡಿಸಿದೆ, ಮೆಲ್ಲಗೆ,
ಒಂದು ಸುತ್ತು.
ಚುಚ್ಚಿತು.
ಬೆಳಕಿಗೆ ಹಿಡಿದು ನೋಡಿದೆ:
ಮುಳ್ಳು.