ಮೂರನೆಯ ಕೂಗು

ಮಡಿಕೇರಿಯ ಕೋರ್ಟಿನ ಬಾಗಿಲಲ್ಲಿ
ಇಪ್ಪತ್ತಾರು ವರ್ಷದಿಂದ ಹೆಸರು ಕೂಗುವವ ನಾನು.
ಬಿಳಿ ಅಂಗಿ, ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ,
ಡಿಸೆಂಬರಿನಲ್ಲಿ ಒಳಗೊಂದು ಸ್ವೆಟರು,
ಅದನ್ನು ಯಾರೂ ನೋಡಿಯೂ ನೋಡುವುದಿಲ್ಲ.
ಒಂದು ಹೆಸರಿಗೆ ಮೂರು ಕೂಗು.
ಮೂರಕ್ಕೂ ಓ ಎನ್ನದಿದ್ದರೆ ವಾರಂಟು.

ಯತಿನ್ ಬಿನ್ ಲೇಟ್ ಬೆಳ್ಯಪ್ಪ!
ಮೊದಲ ಕೂಗಿಗೇ ಬಂದ. ಬರದೆ ಏನು,
ಇಬ್ಬರು ಪೇದೆಗಳು ತೋಳು ಹಿಡಿದಿದ್ದರು.
ಮಾಂದಲಪಟ್ಟಿಗೆ ಜೀಪು ಹತ್ತಿಸುವ ಹುಡುಗ,
ಕಲ್ಲುದಾರಿಯಲ್ಲಿ ಪ್ರವಾಸಿಗರ ಎಲುಬು ಎಣಿಸುವವ.
ಜೇಬಿನಲ್ಲಿ ಹನ್ನೊಂದು ಮಾತ್ರೆ,
ಒಂದು ಸಿರಿಂಜು.
ಮೂಗು ಸೋರುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ,
ಕಟಕಟೆಯ ಮರವೂ ಅವನ ಜೊತೆ ನಡುಗುತ್ತಿತ್ತು.
ಚಳಿ, ಅಂದ ಪೇದೆ.
ಚಳಿಯಲ್ಲ ಅದು. ನಾನು ಬಲ್ಲೆ.

ಎರಡು ವರ್ಷದ ಹಿಂದೆ ಇದೇ ನಡುಕವನ್ನು
ಪಾಲಿಬೆಟ್ಟದ ಲೈನುಮನೆಯ ಬೊಳ್ಕನ ಕೈಯಲ್ಲಿ ಕಂಡಿದ್ದೆ.
ಕದ್ದದ್ದು ಒಂದು ಚೀಲ ಕರಿಮೆಣಸು, ಅಂತ ಆರೋಪ.
ಹುಟ್ಟು ಕುಡುಕನಿಗೆ ಮೂರು ದಿನ ಕುಡಿಯದಿರುವುದೆಂದರೆ ಏನು,
ಕಾಗದದಲ್ಲಿ ಅದಕ್ಕೊಂದು ಕಾಲಮ್ಮು ಇರಲಿಲ್ಲ.
ನ್ಯಾಯಾಂಗ ಬಂಧನ, ಹದಿನಾಲ್ಕು ದಿನ.
ಹದಿನೈದನೆಯ ಬೆಳಿಗ್ಗೆ ಕೂಗಿದೆ,
ಬೊಳ್ಕ ಬಿನ್ ಚಾತ. ಬೊಳ್ಕ ಬಿನ್ ಚಾತ.
ಜೈಲಿನ ಚೀಟಿ ಇನ್ನೂ ಮೆಟ್ಟಿಲು ಹತ್ತುತ್ತಿತ್ತು,
ಮೂರನೆಯದನ್ನೂ ಕೂಗಿದೆ.
ಸತ್ತವನನ್ನು ಸರಕಾರಿ ದನಿಯಲ್ಲಿ ಕರೆದ ಗಂಟಲು ಇದು.
ಮೆಣಸು ಕದ್ದನೋ ಇಲ್ಲವೋ
ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹೊಸದಾಗಿ ಬಂದ ಮ್ಯಾಜಿಸ್ಟ್ರೇಟಮ್ಮ ಪೆನ್ನು ಕೆಳಗಿಟ್ಟರು.
ಕೊನೆಯ ಸಲ ತೆಗೆದುಕೊಂಡದ್ದು ಯಾವಾಗಪ್ಪಾ?
ಅಂಥ ಪ್ರಶ್ನೆಯನ್ನು ಆ ಗೋಡೆಗಳೂ ಕೇಳಿರಲಿಲ್ಲ.
ಆಸ್ಪತ್ರೆಯ ಡಾಕ್ಟರು ಬಂದು ಕಣ್ಣಿಗೆ ಟಾರ್ಚು ಬಿಟ್ಟರು.
ಸರಕಾರಿ ವಕೀಲರು ಗೊಣಗಿದರು,
ಕಾಯಿಲೆ ಅಂದರೆ ನಾಳೆ ಎಲ್ಲರೂ ಕಾಯಿಲೆಯವರೇ.
ಆದೇಶವಾಯಿತು: ಜೈಲಿಗಲ್ಲ, ನಲವತ್ತೈದು ದಿನ ವಾರ್ಡಿಗೆ,
ಆಮೇಲೆ ಸೋಮವಾರ ಸೋಮವಾರ ಇಲ್ಲಿ ಹಾಜರಿ,
ಬಾಟಲಿಯಲ್ಲಿ ಮೂತ್ರ, ಡಾಕ್ಟರ ಚೀಟಿ.
ಕೇಸು ಹಾಗೇ ಇರುತ್ತದೆ, ಕಾಯುತ್ತದೆ.
ಜಾಮೀನಿಗೆ ಜಮೀನು ಇರಲಿಲ್ಲ.
ಹಂಸಾಕ ತಮ್ಮ ಜೀಪಿನ ಆರ್‌ಸಿ ಪುಸ್ತಕವನ್ನೇ ಮೇಜಿಗಿಟ್ಟರು:
ಬ್ರೇಕಿಲ್ಲದ ಗಾಡಿಯನ್ನೂ ಇಳಿಸಿದ್ದಾನೆ ಮೇಡಂ,
ಇದನ್ನೂ ಇಳಿಸುತ್ತಾನೆ.

ಐದು ಸೋಮವಾರ ಬಂದ. ಕೆನ್ನೆ ತುಂಬುತ್ತಿತ್ತು,
ನನಗೊಂದು ನಮಸ್ಕಾರ ಬೀಳುತ್ತಿತ್ತು.
ಆರನೆಯದಕ್ಕೆ ಬಾಟಲಿ ಬೇರೆಯೇ ಹೇಳಿತು.
ರದ್ದು ಮಾಡಿ, ಎಂದೆದ್ದರು ವಕೀಲರು.
ಅಮ್ಮ ಓದಿದರು, ತಿರುಗಿ ಓದಿದರು.
ಬಿದ್ದಿದ್ದಾನೆ, ಓಡಿಹೋಗಿಲ್ಲ.
ಇನ್ನು ಹದಿನೈದು ದಿನ ವಾರ್ಡು.

ಇವತ್ತು ಅದು ಮುಗಿದ ಸೋಮವಾರ.
ಯತಿನ್ ಬಿನ್ ಲೇಟ್ ಬೆಳ್ಯಪ್ಪ!
ವರಾಂಡದಲ್ಲಿ ಯಾರೋ ಕಿತ್ತಳೆ ಸುಲಿಯುವುದು ನಿಲ್ಲಿಸಿದರು.
ಎರಡನೆಯ ಕೂಗು. ಗೇಟಿನಾಚೆ ಬರೀ ಮಂಜು.
ಮೂರನೆಯದು ಗಂಟಲವರೆಗೆ ಬಂದು ನಿಂತಿತು.
ಕೆಮ್ಮಿದೆ. ಕರವಸ್ತ್ರ ಹುಡುಕಿದೆ.
ಹೊಳೆಯುವ ಬಿಲ್ಲೆಯನ್ನೇ ಮತ್ತೆ ಒರೆಸಿದೆ.
ಇದೆಲ್ಲ ನಿಯಮದಲ್ಲಿಲ್ಲ, ಗೊತ್ತು.
ಒಳಗಿಂದ ಶಿರಸ್ತೇದಾರರು:
ಏನಯ್ಯಾ, ದನಿ ಹೋಯ್ತಾ?

ಏರಿನಲ್ಲಿ ಎರಡನೇ ಗೇರಿನ ನರಳಾಟ,
ಹಂಸಾಕನ ಜೀಪೋ, ಹಾಲಿನ ವ್ಯಾನೋ.
ಹೋಗಿಲ್ಲ ಸಾರ್.
ಇನ್ನೊಂದು ಉಳಿದಿದೆ.